ಚಕ್ರಕ್ಕೆ 90,000 ಸುರಿಯುವ ಮುನ್ನ

ಪ್ರಶ್ನೆ ಸರಳವಾದದ್ದೇ: ರೋಡ್ ಬೈಕಿನ, ಅಂದರೆ ತೆಳು ಟೈರಿನ ವೇಗದ ಸೈಕಲ್ಲಿನ, ಚಕ್ರ ಬದಲಿಸಿದರೆ ಹಾಕಿದ ದುಡ್ಡು ಹುಟ್ಟುತ್ತದೆಯೇ? ಉತ್ತರ ಸಿಗಲು ಹತ್ತು ವಾರ ಹಿಡಿಯಿತು. ಮೊನ್ನೆ ಭಾನುವಾರ ಕೊನೆಯ ಬೋಲ್ಟು ಬಿಗಿದು ಕೈ ತೊಳೆದದ್ದಾಯಿತು. ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ, ಇದೇ ದಾರಿಗೆ ಬರುವವರಿಗೆ ಒಂದೆರಡು ವಾರವಾದರೂ ಉಳಿಯಲಿ.

ಮೊದಲು ಬೈಕಿನ ಜಾತಕ. ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು, ಶಿಮಾನೊ ಸೋರಾ ಗೇರು (ಹಿಂದೆ 9 ಸ್ಪೀಡು), ಚಕ್ರದ ರಿಮ್ಮನ್ನೇ ಶೂಗಳು ತಿಕ್ಕಿ ನಿಲ್ಲಿಸುವ ರಿಮ್ ಬ್ರೇಕು. ಓಡಿರುವುದು ಸುಮಾರು 16,000 ಕಿ.ಮೀ. ಓಡಿಸುವವನ ತೂಕ 70 ಕೆ.ಜಿ., ಬಾಟಲಿ ಸೇರಿ ಬೈಕು 10. ವಾರದ ಮಧ್ಯೆ ಹೆಸರಘಟ್ಟದ ಕಡೆ, ಭಾನುವಾರ ನಂದಿ ಬೆಟ್ಟ. ಬಯಲಲ್ಲಿ ಸರಾಸರಿ ವೇಗ ಗಂಟೆಗೆ 28 ಕಿ.ಮೀ. ಈ ಅಂಕಿಗಳು ನಿಮ್ಮವೇನು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೇ ನಿಂತಿದೆ.

ಮೊದಲ ವಾರ ಹೋದದ್ದು ತಕ್ಕಡಿಯ ಮುಂದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಚಕ್ರದಿಂದ ಟೈರು, ಟ್ಯೂಬು, ರಿಮ್ ಟೇಪು, ಕ್ಯಾಸೆಟ್ಟು (ಹಿಂದಿನ ಹಲ್ಲುಗಾಲಿಗಳ ಗೊಂಚಲು), ಚಕ್ರವನ್ನು ಫ್ರೇಮಿಗೆ ಬಿಗಿಯುವ ಕ್ವಿಕ್ ರಿಲೀಸ್ ಕಡ್ಡಿ ಎಲ್ಲ ಕಳಚಿ ಬೇರೆಬೇರೆ ತೂಗಬೇಕು. ಮಾರುವವರು ಹೇಳುವ ತೂಕ ಬರೀ ಚಕ್ರದ್ದು, ನಿಮ್ಮ ಲೆಕ್ಕವೂ ಅದಕ್ಕೆ ಹೊಂದಬೇಕು. ಇಲ್ಲಿ ಬಂದದ್ದು: ಮುಂದಿನ ಚಕ್ರ 890 ಗ್ರಾಂ, ಹಿಂದಿನದು 1,180, ಒಟ್ಟು 2,070. ಕಂಪನಿಯಿಂದ ಬಂದ ತಂತಿ ಅಂಚಿನ 25 ಮಿ.ಮೀ. ಟೈರು ಒಂದೊಂದು 370, ಟ್ಯೂಬು ಒಂದೊಂದು 110. ಅಂದರೆ ಟೈರು, ಟ್ಯೂಬುಗಳೇ 960 ಗ್ರಾಂ. ಕಣ್ಣು ತೆರೆಸಿದ್ದು ಈ 960. ಚಕ್ರ ಭಾರ ಎಂದು ಎಲ್ಲರೂ ಚಕ್ರವನ್ನೇ ಬೈಯುತ್ತಾರೆ. ಭಾರದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅದಕ್ಕೆ ಸುತ್ತಿದ ರಬ್ಬರಿನಲ್ಲಿರುತ್ತದೆ.

ಆಸೆ ಹುಟ್ಟಿಸಿದ್ದು 50 ಮಿ.ಮೀ. ಎತ್ತರದ ರಿಮ್ಮಿರುವ ಕಾರ್ಬನ್ ಚಕ್ರದ ಜೋಡಿ, ತೂಕ 1,500 ಗ್ರಾಂ, ಕೇಳಿದ ಬೆಲೆ ₹90,000. ಉಳಿಯುವುದು 570 ಗ್ರಾಂ. ನಂದಿ ಬೆಟ್ಟದ ಬುಡದಿಂದ ಮೇಲಕ್ಕೆ ಹೆಚ್ಚುಕಡಿಮೆ 8 ಕಿ.ಮೀ. ಏರು. ಅರ್ಧ ಗಂಟೆಯಲ್ಲಿ ಹತ್ತುವವನಿಗೆ ಇದರಿಂದ ಎಷ್ಟು ಲಾಭ? ಒಟ್ಟು 80 ಕೆ.ಜಿ.ಯಲ್ಲಿ 0.57 ಕೆ.ಜಿ. ಎಂದರೆ ಶೇ. 0.7. ಏರಿನಲ್ಲಿ ಶಕ್ತಿಯ ಬಹುಪಾಲು ಭಾರ ಎತ್ತಲಿಕ್ಕೇ ಹೋಗುತ್ತದೆ ಎಂದುಕೊಂಡರೂ 1,800 ಸೆಕೆಂಡಿನಲ್ಲಿ ಉಳಿಯುವುದು 11 ಸೆಕೆಂಡು. ಮೇಲೆ ತಲುಪಿ ಬಾಟಲಿ ತೆಗೆದು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು.

‘ತಿರುಗುವ ಭಾರ ಎರಡು ಪಟ್ಟು’ ಎಂಬ ಮಾತನ್ನು ಇಲ್ಲೇ ಪರೀಕ್ಷಿಸಿಬಿಡಿ, ಅಂಗಡಿಯಲ್ಲಿ ಇದನ್ನೇ ಹೇಳಿ ಮಾರುತ್ತಾರೆ. ಮಾತು ಸುಳ್ಳಲ್ಲ, ಆದರೆ ವೇಗ ಹೆಚ್ಚಿಸುವಾಗ ಮಾತ್ರ ನಿಜ. ರಿಮ್ಮಿನ ಅಂಚಿನಲ್ಲಿ 400 ಗ್ರಾಂ ಕಡಿಮೆಯಾದರೆ, ನಿಂತಲ್ಲಿಂದ 30 ಕಿ.ಮೀ. ವೇಗಕ್ಕೆ ಏರುವಾಗ ಉಳಿಯುವ ಶಕ್ತಿ ಎರಡು ಪಟ್ಟು ಲೆಕ್ಕದಲ್ಲೂ ಸುಮಾರು 28 ಜೂಲ್. 200 ವ್ಯಾಟಿನಲ್ಲಿ ತುಳಿಯುವ ಕಾಲು ಅಷ್ಟನ್ನು ಒಂದು ಸೆಕೆಂಡಿನ ಏಳನೇ ಒಂದು ಭಾಗದಲ್ಲಿ ಕೊಡುತ್ತದೆ. ಸಿಗ್ನಲ್ಲಿನಿಂದ ಹೊರಡುವಾಗ ಚಕ್ರ ಹಗುರ ಅನ್ನಿಸುವುದು ಖಂಡಿತ, ಗಡಿಯಾರಕ್ಕೆ ಅದು ಗೊತ್ತಾಗುವುದಿಲ್ಲ.

ಗಾಳಿಯ ಲೆಕ್ಕ ಇನ್ನೊಂದು. ಎತ್ತರದ ರಿಮ್ಮು 40 ಕಿ.ಮೀ. ವೇಗದಲ್ಲಿ 8 ವ್ಯಾಟ್ ಉಳಿಸುತ್ತದೆ ಎಂದೇ ಇಟ್ಟುಕೊಳ್ಳಿ. ಗಾಳಿಗೆ ಹೋಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 28 ಕಿ.ಮೀ.ಗೆ ಇಳಿಸಿದರೆ ಆ 8 ವ್ಯಾಟ್ 2.7 ಆಗುತ್ತದೆ. 60 ಕಿ.ಮೀ. ಸವಾರಿಗೆ ಒಂದು ನಿಮಿಷ ಚಿಲ್ಲರೆ. ವಿಜಯಪುರ, ಬಾಗಲಕೋಟೆ ಕಡೆಯ ನೇರ ರಸ್ತೆಗಳಲ್ಲಿ 40ರ ಮೇಲೆ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ರೇಸು) ಓಡಿಸುವ ಹುಡುಗರಿಗೆ ಇದೇ ಚಕ್ರದಿಂದ ಪೂರ್ತಿ ಲಾಭವಿದೆ. ಅವರು ಕೊಂಡರೆ ತಪ್ಪೇನೂ ಇಲ್ಲ.

ಎರಡನೇ ವಾರ ಟೈರಿನ ಸರದಿ. 28 ಮಿ.ಮೀ.ನ ಮಡಚುವ ರೇಸಿಂಗ್ ಟೈರು, ಒಂದೊಂದು 240 ಗ್ರಾಂ, ಜೋಡಿಗೆ ₹10,400. ಟ್ಯೂಬಿಗೆ ಮೊದಲು ಮನಸ್ಸಿನಲ್ಲಿದ್ದದ್ದು ಟಿಪಿಯು ಎಂಬ ಹಗುರ ಪ್ಲಾಸ್ಟಿಕ್ಕಿನದು, ಒಂದಕ್ಕೆ 40 ಗ್ರಾಂ ಕೂಡ ಬರುವುದಿಲ್ಲ. ಅದರ ಡಬ್ಬಿಯ ಹಿಂಭಾಗ ಓದಿದಾಗ ಮೊದಲ ಅಡ್ಡಿ ಎದುರಾಯಿತು. ಹಗುರವಾದ ಟಿಪಿಯು ಟ್ಯೂಬುಗಳಲ್ಲಿ ಹಲವು ಡಿಸ್ಕ್ ಬ್ರೇಕಿಗೆ ಮಾತ್ರ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ರಿಮ್ಮು ಕಾಯುತ್ತದೆ, ಆ ಬಿಸಿಗೆ ಟಿಪಿಯು ಮೆತ್ತಗಾಗುತ್ತದೆ. ನಂದಿಯಿಂದ ಇಳಿಯುವ ತಿರುವುಗಳಲ್ಲಿ ಟ್ಯೂಬು ಕೈಕೊಟ್ಟರೆ ಪಂಚರ್ ಹಾಕಿಸಿಕೊಂಡು ಮುಗಿಯುವ ಮಾತಲ್ಲ. ರಿಮ್ ಬ್ರೇಕಿನವರು 75 ಗ್ರಾಂನ ಹಗುರ ಬ್ಯುಟೈಲ್ (ಮಾಮೂಲಿ ರಬ್ಬರಿನ) ಟ್ಯೂಬು ತೆಗೆದುಕೊಳ್ಳಿ, ಒಂದಕ್ಕೆ ₹600. ಡಿಸ್ಕ್ ಬ್ರೇಕಿನವರಿಗೆ ಟಿಪಿಯು ಧಾರಾಳವಾಗಿ ಆಗುತ್ತದೆ.

ಇಷ್ಟಕ್ಕೆ ₹11,600 ಖರ್ಚು, 330 ಗ್ರಾಂ ಉಳಿತಾಯ. ಗ್ರಾಂಗೆ ₹35. ಕಾರ್ಬನ್ ಜೋಡಿಯಲ್ಲಿ ಗ್ರಾಂಗೆ ₹158. ಟೈರಿನಲ್ಲಿ ತೂಕದ್ದು ಸಣ್ಣ ಮಾತು. ಒಳ್ಳೆಯ ಟೈರಿನ ಪದರ ತೆಳು, ನೆಲಕ್ಕೆ ಒತ್ತಿ ಮತ್ತೆ ಏಳುವಾಗ ಶಕ್ತಿ ಕಡಿಮೆ ತಿನ್ನುತ್ತದೆ. ಉರುಳುವ ತಡೆಯ ಅಂಕ 0.006ರಿಂದ 0.0045ಕ್ಕೆ ಇಳಿದರೆ, 80 ಕೆ.ಜಿ.ಗೆ 28 ಕಿ.ಮೀ. ವೇಗದಲ್ಲಿ 9 ವ್ಯಾಟ್ ಉಳಿಯುತ್ತದೆ. 60 ಕಿ.ಮೀ.ಗೆ ಸುಮಾರು 4 ನಿಮಿಷ. ಕಾರ್ಬನ್ ರಿಮ್ಮಿನ ಒಂದು ನಿಮಿಷದ ಪಕ್ಕದಲ್ಲಿಟ್ಟು ನೋಡಿ.

ಗಾಳಿಯ ಒತ್ತಡಕ್ಕೆ ಕಾಸು ಖರ್ಚಿಲ್ಲ, ಆದರೂ ಅದನ್ನು ಸರಿಮಾಡಿಕೊಳ್ಳುವವರು ಕಡಿಮೆ. ಟೈರಿನ ಬದಿಯಲ್ಲಿ ಅಚ್ಚಾಗಿರುವ ಗರಿಷ್ಠ ಒತ್ತಡವನ್ನೇ ಗುರಿ ಎಂದುಕೊಂಡು 110, 120 ಪಿಎಸ್‌ಐ ಹೊಡೆಯುವವರು ಬಹಳ. ನಯವಾದ ಟ್ರ್ಯಾಕಿನಲ್ಲಿ ಸರಿ. ಜಲ್ಲಿ ಎದ್ದ ರಸ್ತೆಯಲ್ಲಿ ಗಟ್ಟಿ ಟೈರು ಪುಟಿಯುತ್ತದೆ, ಪ್ರತಿ ಪುಟಿತಕ್ಕೂ ಮೈಯೇ ಶಕ್ತಿ ತೆರುತ್ತದೆ. 28 ಮಿ.ಮೀ.ಗೆ 70 ಕೆ.ಜಿ. ಸವಾರನಿಗೆ ಹಿಂದೆ 75, ಮುಂದೆ 70 ಪಿಎಸ್‌ಐ ಇಟ್ಟು ಶುರುಮಾಡಿ. ಗುಂಡಿಗೆ ಬಿದ್ದಾಗ ರಿಮ್ಮು ತಾಗಿದ ಸದ್ದು ಬಂದರೆ 3ರಂತೆ ಏರಿಸುತ್ತಾ ಹೋಗಿ.

ಲೆಕ್ಕವನ್ನು ರಸ್ತೆಯ ಮೇಲೆ ಪರೀಕ್ಷಿಸಲು, ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಇಲ್ಲದವರಿಗೂ ದಾರಿಯಿದೆ. ಸಣ್ಣ ಇಳಿಜಾರು, ಅದರ ಮುಂದೆ ಉದ್ದನೆಯ ಸಪಾಟು ಇರುವ, ವಾಹನವಿಲ್ಲದ ಒಂದು ತುಂಡು ರಸ್ತೆ ಹುಡುಕಿ. ಬೆಳಗಿನ ಆರು ಗಂಟೆಗೆ, ಎಲೆ ಅಲುಗದ ಹೊತ್ತಿನಲ್ಲಿ, ಗುರುತು ಹಾಕಿದ ಜಾಗದಿಂದ ತುಳಿಯದೆ ಬಿಟ್ಟು, ಬೈಕು ತಾನಾಗಿ ನಿಲ್ಲುವಲ್ಲಿ ಸೀಮೆಸುಣ್ಣದ ಗೀಟು ಹಾಕಬೇಕು. ಅದೇ ಬಟ್ಟೆ, ಅದೇ ಕೂತ ಭಂಗಿ, ಪ್ರತಿ ಜೋಡಣೆಗೆ ಐದು ಸಲ. ಹಳೆ ಟೈರು 110 ಪಿಎಸ್‌ಐನಲ್ಲಿ ಸರಾಸರಿ 208 ಮೀಟರ್. ಹೊಸ ಟೈರು 75ರಲ್ಲಿ 241. ಐದು ಓಟಗಳ ನಡುವಿನ ಹೆಚ್ಚುಕಡಿಮೆ 4 ಮೀಟರ್ ಒಳಗೇ ಇದ್ದುದರಿಂದ ಈ 33 ಮೀಟರನ್ನು ನಂಬಬಹುದು. ನಂದಿಯ ಸಮಯವನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ. ಒಂದೇ ಬೈಕಿನಲ್ಲಿ ಮೂರು ಭಾನುವಾರ ಹತ್ತಿದ ಸಮಯಗಳ ನಡುವೆಯೇ 80 ಸೆಕೆಂಡು ವ್ಯತ್ಯಾಸವಿತ್ತು. ಹಿಂದಿನ ರಾತ್ರಿಯ ನಿದ್ದೆ, ಎದುರುಗಾಳಿ, ಮುಂದೆ ಸಿಕ್ಕ ಕಾರುಗಳ ಸಾಲು ಎಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ. ಅದರೊಳಗೆ 11 ಸೆಕೆಂಡನ್ನು ಹುಡುಕುವುದು ರಾಗಿ ಕಣಜದಲ್ಲಿ ಸಾಸಿವೆ ಹುಡುಕಿದಂತೆ.

ನಾಲ್ಕನೇ ವಾರ ಪರಿಚಯದವರೊಬ್ಬರ ಕಾರ್ಬನ್ ಜೋಡಿ ಒಂದು ವಾರಕ್ಕೆ ಕೈಗೆ ಬಂತು. ಆಸೆಪಟ್ಟ ಮಾದರಿಯದ್ದೇ. ಕೊಳ್ಳುವ ಮುಂಚೆ ಎರವಲು ತಂದು ಓಡಿಸಿ, ಇದಕ್ಕಿಂತ ಒಳ್ಳೆಯ ಸಲಹೆ ಗೊತ್ತಿಲ್ಲ. ಹಾಕಲು ಅರ್ಧ ಗಂಟೆ ಸಾಕು ಎಂದುಕೊಂಡದ್ದು ಎರಡು ಸಂಜೆ ತಿಂದಿತು. ಕ್ಯಾಸೆಟ್ಟು ಏರಿಸಿ ಅದನ್ನು ಹಿಡಿದಿಡುವ ಲಾಕ್‌ರಿಂಗ್ ಪೂರ್ತಿ ಬಿಗಿದರೂ ಹಲ್ಲುಗಾಲಿಗಳು ಲಟಲಟ ಅಲುಗುತ್ತಿದ್ದವು. ಕಾರಣ: 11 ಸ್ಪೀಡಿನ ಶಿಮಾನೊ ರೋಡ್ ಫ್ರೀಹಬ್ಬು (ಚಕ್ರದಲ್ಲಿ ಕ್ಯಾಸೆಟ್ಟು ಕೂರುವ ಭಾಗ) 8, 9, 10 ಸ್ಪೀಡಿನದಕ್ಕಿಂತ 1.85 ಮಿ.ಮೀ. ಉದ್ದ. ಕ್ಯಾಸೆಟ್ಟಿಗೆ ಮೊದಲು 1.85 ಮಿ.ಮೀ. ಸ್ಪೇಸರ್ (ಜಾಗ ತುಂಬುವ ಬಳೆ) ಹಾಕಬೇಕು. ಶಿಮಾನೊ 10 ಸ್ಪೀಡಿನ ಕೆಲವು ಕ್ಯಾಸೆಟ್ಟಿಗೆ ಇದರ ಜೊತೆಗೆ 1 ಮಿ.ಮೀ.ದೂ ಬೇಕು. ಉಲ್ಟಾ ದಾರಿ ಇಲ್ಲ: 11 ಸ್ಪೀಡಿನ ರೋಡ್ ಕ್ಯಾಸೆಟ್ಟು ಸಾಮಾನ್ಯವಾಗಿ ಹಳೆಯ ಗಿಡ್ಡ ಹಬ್ಬಿನ ಮೇಲೆ ಕೂರುವುದಿಲ್ಲ.

ಎರಡನೆಯದು ವಾಲ್ವು. 50 ಮಿ.ಮೀ. ರಿಮ್ಮಿಗೆ 80 ಮಿ.ಮೀ. ವಾಲ್ವಿನ ಟ್ಯೂಬು ಬೇಕು. ಮನೆಯಲ್ಲಿದ್ದ 48ರದ್ದು ರಿಮ್ಮಿನಿಂದ ತಲೆಯನ್ನೇ ಹೊರಗೆ ಹಾಕುವುದಿಲ್ಲ. ಮೂರನೆಯದು ಬ್ರೇಕ್ ಶೂ. ಕಾರ್ಬನ್ ರಿಮ್ಮಿಗೆ ಅದರದ್ದೇ ಶೂ ಹಾಕಬೇಕು. ಅಲ್ಯೂಮಿನಿಯಂ ರಿಮ್ಮಿಗೆ ತಿಕ್ಕಿದ ಹಳೆ ಶೂನಲ್ಲಿ ಲೋಹದ ಚೂರು ಹೂತಿರುತ್ತದೆ, ಕಾರ್ಬನ್ ಮೇಲೆ ಅದು ಅರದಂತೆ ಕೆಲಸ ಮಾಡುತ್ತದೆ. ಇಳಿಯುವಾಗ ಬ್ರೇಕನ್ನು ಒತ್ತಿಹಿಡಿದೇ ಇರಬಾರದು. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಟ್ಟುಬಿಡಬೇಕು, ಮುಂದಿನದಕ್ಕೂ ಹಿಂದಿನದಕ್ಕೂ ಕೆಲಸ ಹಂಚಬೇಕು. ಕಾರ್ಬನ್ ಬಿಸಿಯನ್ನು ಹರಡದೆ ಒಂದೇ ಕಡೆ ಹಿಡಿದಿಟ್ಟುಕೊಳ್ಳುತ್ತದೆ. ಕಾದು ಕಾದು ಅಂಟು ಸೋತರೆ ರಿಮ್ಮಿನ ಗೋಡೆ ಉಬ್ಬುತ್ತದೆ.

ಓಡಿಸಿದ ಅನುಭವ? ಸುಳ್ಳು ಹೇಳಲಾರೆ, ಖುಷಿ ಕೊಟ್ಟಿತು. 35 ದಾಟಿದಾಗ ಬರುವ ಆ ಗುಂಯ್‌ ಸದ್ದಿಗೇ ಅರ್ಧ ದುಡ್ಡು ಕೊಡಬಹುದು ಅನ್ನಿಸುತ್ತದೆ. ಅದೇ ಹೊಸ ಟೈರುಗಳನ್ನು ಹಾಕಿ ಉರುಳಿಸಿದಾಗ ಮಾತ್ರ ಸಿಕ್ಕಿದ್ದು 243 ಮೀಟರ್, ಹಳೆ ಚಕ್ರಕ್ಕಿಂತ ಎರಡೇ ಹೆಚ್ಚು. ನಿಧಾನದ ಉರುಳಾಟದಲ್ಲಿ ಗಾಳಿಯ ಪಾತ್ರ ಸಣ್ಣದು, ಹಾಗಾಗಿ ಈ ಪರೀಕ್ಷೆ ಕಾರ್ಬನ್ನಿಗೆ ಪೂರ್ತಿ ನ್ಯಾಯ ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ದೊಡ್ಡ ಬಯಲಿನಲ್ಲಿ ಪಕ್ಕದಿಂದ ಗಾಳಿ ಬೀಸಿದಾಗ ಮುಂದಿನ ಚಕ್ರ ಹಾಯಿಯಂತೆ ಎಳೆಯಿತು. ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಕಡೆ ಲಾಂಗ್ ರೈಡ್ ಹೋಗುವವರು, ಅದರಲ್ಲೂ ಮೈಯಲ್ಲಿ ಹಗುರ ಇರುವವರು, ಮುಂದಕ್ಕೆ 35 ಮಿ.ಮೀ.ಗಿಂತ ಎತ್ತರದ್ದು ಹಾಕದಿರುವುದೇ ಒಳ್ಳೆಯದು.

ಇಲ್ಲಿಗೆ ‘ಟೈರು ಸಾಕು, ಚಕ್ರ ಬೇಡ’ ಎಂದು ತೀರ್ಮಾನ ಆಗಿಹೋಗಿತ್ತು. ಎರವಲು ಜೋಡಿ ಮರಳಿಸಿ ಹಳೆಯದನ್ನು ಹಾಕುವಾಗ ಕತೆ ತಿರುಗಿತು. ಹಿಂದಿನ ರಿಮ್ಮಿನಲ್ಲಿ ಬ್ರೇಕ್ ತಿಕ್ಕುವ ಪಟ್ಟಿಗೆ ಸ್ಟೀಲ್ ಸ್ಕೇಲಿನ ಅಂಚನ್ನು ಅಡ್ಡಹಿಡಿದಾಗ ನಡುವೆ ಬೆಳಕು ಕಂಡಿತು, ಪಟ್ಟಿ ಬಟ್ಟಲಿನಂತೆ ತಗ್ಗಿತ್ತು. ಗೋಡೆಯ ದಪ್ಪ ಅಳೆಯಲು ಒಂದು ಉಪಾಯ: ಟೈರು ತೆಗೆದು, ರಿಮ್ಮಿನ ಒಳಗೋಡೆಗೆ 3 ಮಿ.ಮೀ. ಡ್ರಿಲ್ ಬಿಟ್ಟಿನ ನಯವಾದ ಹಿಡಿಯನ್ನು ಒತ್ತಿ ಹಿಡಿದು, ಹೊರಗೋಡೆಯಿಂದ ಬಿಟ್ಟಿನ ಆಚೆ ಬದಿಯವರೆಗೆ ವರ್ನಿಯರ್ ಕ್ಯಾಲಿಪರಿನಿಂದ ಅಳೆದು, ಬಂದದ್ದರಲ್ಲಿ 3 ಕಳೆಯಿರಿ. ಮಧ್ಯೆ ಡ್ರಿಲ್ ಬಿಟ್ಟು ಇಲ್ಲದಿದ್ದರೆ ಟೈರು ಹಿಡಿಯುವ ರಿಮ್ಮಿನ ಕೊಕ್ಕೆ ಅಡ್ಡ ಬಂದು ಅಳತೆ ತಪ್ಪುತ್ತದೆ. ಇಲ್ಲಿ ಬಂದದ್ದು 0.8 ಮಿ.ಮೀ. 1 ಮಿ.ಮೀ.ಗಿಂತ ಇಳಿದ ರಿಮ್ಮನ್ನು ಓಡಿಸುವುದು ಅಪಾಯ. ಒಳಗಿನ ಒತ್ತಡಕ್ಕೆ ಗೋಡೆ ಸೀಳಿ ಟೈರು ಸಿಡಿಯುತ್ತದೆ, ಅದೂ ಹೆಚ್ಚಾಗಿ ಬ್ರೇಕ್ ಹಿಡಿದಾಗಲೇ. ಮೆಕ್ಯಾನಿಕ್ ಬೆರಳಿನಿಂದ ಒಮ್ಮೆ ಸವರಿ ‘ಸರ್, ಇದು ಮುಗೀತು’ ಎಂದರು.

ಎರಡು ಮಳೆಗಾಲದ ಮಣ್ಣುನೀರು ಮಾಡಿದ ಕೆಲಸ ಅದು. ಮಳೆಯಲ್ಲಿ ಓಡಿಸಿ ಬಂದಮೇಲೆ ರಿಮ್ಮಿನ ಪಟ್ಟಿ ಒರೆಸಿ, ಶೂನಲ್ಲಿ ಹೊಳೆಯುವ ಚೂರುಗಳನ್ನು ಸೂಜಿಯಿಂದ ಕಿತ್ತರೆ ರಿಮ್ಮಿನ ಆಯುಸ್ಸು ಎಷ್ಟೋ ಹೆಚ್ಚುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಈ ಸವೆತವೇ ಇಲ್ಲ. ಆದ್ದರಿಂದ ಡಿಸ್ಕ್ ಬೈಕಿನವರು ಟೈರಿನ ಹಂತದಲ್ಲೇ ನಿಂತುಬಿಡಬಹುದು.

ಈಗ ಪ್ರಶ್ನೆಯೇ ಬದಲಾಯಿತು. ಹೊಸ ರಿಮ್ಮು ಬೇಕೇಬೇಕು, ಯಾವುದು? ಅಗ್ಗದ ದಾರಿ ಹಳೆ ಹಬ್ಬಿಗೆ (ಚಕ್ರದ ನಡುವಿನ ಗುಂಬಕ್ಕೆ) ಹೊಸ ರಿಮ್ಮು ಕಟ್ಟಿಸುವುದು. ಹಬ್ಬು ಬಿಚ್ಚಿ ನೋಡಿದ್ದಾಯಿತು: ಬೇರಿಂಗ್ ಬಾಲುಗಳನ್ನು ಒತ್ತಿಹಿಡಿಯುವ ಕೋನಿಗೆ ಸ್ಪ್ಯಾನರ್ ಮುಂದಕ್ಕೆ 13, ಹಿಂದಕ್ಕೆ 15. ಬಾಲುಗಳು ಮುಂದೆ ಒಂದು ಕಡೆಗೆ 10, ಹಿಂದೆ ಒಂದು ಕಡೆಗೆ 9. ಕೋನಿನ ಮೇಲೆ ಗುಳಿ ಬಿದ್ದಿಲ್ಲದಿದ್ದರೆ ಹೊಸ ಗ್ರೀಸು, ಹೊಸ ಬಾಲು ಸಾಕು. ಇಲ್ಲಿ ಹಬ್ಬು ಚೆನ್ನಾಗಿತ್ತು. ಸಿಗದೇ ಹೋದದ್ದು ರಿಮ್ಮು. 32 ತೂತಿನ, ರಿಮ್ ಬ್ರೇಕಿನ ಒಳ್ಳೆಯ ರೋಡ್ ರಿಮ್ಮು ಕೇಳಿದರೆ ನಾಲ್ಕು ಅಂಗಡಿಯಲ್ಲೂ ಡಿಸ್ಕಿನದನ್ನೇ ತೋರಿಸಿದರು. ಹೊರದೇಶದಿಂದ ತರಿಸಲು ವಿಚಾರಿಸಿದರೆ, ಎರಡು ರಿಮ್ಮಿನ ತೂಕ ಒಂದು ಕೆ.ಜಿ., ಆದರೆ ಕೊರಿಯರ್‌ನವರು ಹಿಡಿಯುವುದು ಪೆಟ್ಟಿಗೆಯ ಗಾತ್ರ. 65 x 65 x 15 ಸೆಂ.ಮೀ., ಇದನ್ನು ಗುಣಿಸಿ 5,000ದಿಂದ ಭಾಗಿಸಿದರೆ 12.7 ಕೆ.ಜಿ.! ಸಾಗಣೆ ಅದರ ಮೇಲೆ. ಕಸ್ಟಮ್ಸ್ ಸುಂಕ ಬರೀ ರಿಮ್ಮಿನ ಬೆಲೆಗಲ್ಲ, ಬೆಲೆಗೆ ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತಕ್ಕೆ. ಅದರ ಮೇಲೆ ಐಜಿಎಸ್‌ಟಿ ತೆರಿಗೆ, ಕ್ಲಿಯರೆನ್ಸ್ ಶುಲ್ಕ. ಗುರುತಿನ ಚೀಟಿ, ಬಿಲ್ಲು, ಹಣ ಕಟ್ಟಿದ ದಾಖಲೆ ಸಿದ್ಧವಿಲ್ಲದಿದ್ದರೆ ಪೆಟ್ಟಿಗೆ ಅಲ್ಲೇ ಕೂರುತ್ತದೆ. ₹13,000ದ ರಿಮ್ಮು ಮನೆ ಬಾಗಿಲಿಗೆ ಬರುವಾಗ 25,000 ದಾಟುತ್ತಿತ್ತು, ಚಕ್ರದ ಕಡ್ಡಿ (ಸ್ಪೋಕು), ಅದನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್, ಕಟ್ಟುವ ಕೂಲಿ ಬೇರೆ. ಎರಡು ವಾರದ ಓಡಾಟ ಅಲ್ಲಿಗೆ ಕೈಬಿಟ್ಟದ್ದಾಯಿತು.

ಉಳಿದದ್ದು ಇಲ್ಲೇ ಬಿಲ್ಲು, ವಾರಂಟಿ ಸಹಿತ ಸಿಗುವ ಸಿದ್ಧ ಅಲ್ಯೂಮಿನಿಯಂ ಜೋಡಿ. ₹28,500, 1,640 ಗ್ರಾಂ, ಒಳಗಿನ ಅಗಲ 19 ಮಿ.ಮೀ., ಕಡ್ಡಿ ಮುಂದೆ 24, ಹಿಂದೆ 28. ಆರ್ಡರ್ ಕೊಡುವ ಮುಂಚೆ ಕೇಳಿ ಖಾತ್ರಿ ಮಾಡಿಕೊಂಡವು: ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರುವ ಅಂತರ 130 ಮಿ.ಮೀ. ತಾನೇ (ಡಿಸ್ಕಿನವರಿಗೆ ಈಗ ಸಾಮಾನ್ಯವಾಗಿ 12 ಮಿ.ಮೀ. ಆಕ್ಸಲ್, ಮುಂದೆ 100, ಹಿಂದೆ 142), ಫ್ರೀಹಬ್ಬು ಯಾವುದು, ಕಡ್ಡಿ ತಲೆ ಬಾಗಿದ ಸಾದಾ ಮಾದರಿಯದೇ, ಸವಾರನ ತೂಕದ ಮಿತಿ ಎಷ್ಟು. ಕಡ್ಡಿಯ ವಿಷಯ ಮುಖ್ಯ. ವಿಶೇಷ ಮಾದರಿಯ ಚಪ್ಪಟೆ ಕಡ್ಡಿ ಒಂದು ಮುರಿದರೆ ಊರಲ್ಲಿ ಸಿಗದೆ ಬೈಕು ತಿಂಗಳುಗಟ್ಟಲೆ ಗೋಡೆಗೆ ಒರಗಿರುತ್ತದೆ. ಹುಕ್‌ಲೆಸ್ (ಟೈರು ಹಿಡಿಯುವ ಕೊಕ್ಕೆಯಿಲ್ಲದ) ರಿಮ್ಮು ತೋರಿಸಿದರೆ ಎರಡು ಸಲ ಯೋಚಿಸಿ. ಅದಕ್ಕೆ ಗರಿಷ್ಠ ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ. ಟೈರೂ ಅದಕ್ಕೆ ಒಪ್ಪಿಗೆಯಿರುವ ಟ್ಯೂಬ್‌ಲೆಸ್ ಮಾದರಿಯದೇ ಆಗಬೇಕು. 2024ರ ಯುಎಇ ಟೂರ್ ಸೈಕಲ್ ರೇಸಿನಲ್ಲಿ ಬೆಲ್ಜಿಯಂನ ಸವಾರ ಥಾಮಸ್ ಡಿ ಗೆಂಡ್ಟ್ ಬಿದ್ದಾಗ ಟೈರು ರಿಮ್ಮಿನಿಂದ ಕಳಚಿಕೊಂಡಿತ್ತು, ಆಮೇಲೆ ಇದರ ಬಗ್ಗೆ ದೊಡ್ಡ ವಾದವೇ ನಡೆಯಿತು. 75 ಪಿಎಸ್‌ಐ ಬೇಕೆನ್ನುವವರಿಗೆ ಅದು ಹೊಂದುವುದಿಲ್ಲ, ಅಷ್ಟೇ.

‘ಐದು ದಿನ’ ಎಂದದ್ದು 19 ದಿನವಾಯಿತು. ಪೆಟ್ಟಿಗೆ ಬಿಚ್ಚಿದ ಕೂಡಲೇ ಟೈರು ಹಾಕಬೇಡಿ, ಹಾಕಿದರೆ ಹಿಂದಿರುಗಿಸುವುದು ಕಷ್ಟ. ಮೊದಲು ಆಕ್ಸಲ್ ತಿರುಗಿಸಿ ನೋಡಿ, ಗರಗರ ಇರಬಾರದು. ಒಂದೇ ಬದಿಯ ಕಡ್ಡಿಗಳನ್ನು ತಂಬೂರಿಯಂತೆ ಮೀಟಿದರೆ ಸ್ವರ ಹೆಚ್ಚುಕಡಿಮೆ ಒಂದೇ ಬರಬೇಕು. ಹಿಂದಿನ ಚಕ್ರದಲ್ಲಿ ಚೈನಿನ ಬದಿಯ ಸ್ವರ ಮೇಲಿರುವುದು ಸಹಜ. ರಿಮ್ಮು ನಡುವಿನಲ್ಲಿದೆಯೇ ಎಂದು ನೋಡಲು ಚಕ್ರವನ್ನು ಎಡಬಲ ತಿರುಗಿಸಿ ಹಾಕಿ. ಇಲ್ಲಿ ಹಿಂದಿನದು ತಿರುಗಿಸಿದಾಗ 3 ಮಿ.ಮೀ. ಸರಿಯಿತು, ಅಂದರೆ ನಿಜವಾದ ತಪ್ಪು ಅದರ ಅರ್ಧ, 1.5. ಬೆಂಡ್ ತೆಗೆಯುವ ಮೆಕ್ಯಾನಿಕ್ ₹400ಕ್ಕೆ ಸರಿಮಾಡಿದರು. ಸ್ಪೇಸರ್ ಪೆಟ್ಟಿಗೆಯಲ್ಲಿ ಇರಲಿಲ್ಲ. ₹150ರ ಆ ಬಳೆಗಾಗಿ ಇನ್ನೂ ನಾಲ್ಕು ದಿನ!

ಜೋಡಿಸುವಾಗ ಲಾಕ್‌ರಿಂಗಿಗೆ 40 ನ್ಯೂಟನ್ ಮೀಟರ್ ಬಿಗಿತ. ಹಳೆ ರಿಮ್ಮಿನ ಹೊರ ಅಗಲ 20 ಮಿ.ಮೀ., ಹೊಸದು 24. ಬ್ರೇಕ್ ಕೇಬಲ್ಲನ್ನು ಕಚ್ಚಿರುವ ಬೋಲ್ಟು ಸಡಿಲಿಸಿ ತೋಳುಗಳನ್ನು ಅಗಲಿಸಬೇಕು, ಶೂಗಳ ಎತ್ತರವನ್ನೂ ಮತ್ತೆ ನೋಡಬೇಕು. ಒಂದು ಮಿಲಿಮೀಟರು ಮೇಲಾದರೆ ಶೂ ಟೈರನ್ನೇ ಕೊಯ್ಯುತ್ತದೆ. ಹಿಂದಿನ ಡಿರೇಲರು (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ತೋಳು) ಎಲ್ಲಿಯವರೆಗೆ ಸರಿಯಬೇಕೆಂದು ಮಿತಿ ಹಾಕುವ ಎಚ್, ಎಲ್ ಸ್ಕ್ರೂಗಳನ್ನು ಹೊಸದಾಗಿ ಹೊಂದಿಸಿ. ಇದನ್ನು ಬಿಟ್ಟರೆ ಏರಿನಲ್ಲಿ ಹಿಂದಿನ ದೊಡ್ಡ ಹಲ್ಲುಗಾಲಿಗೆ ಹಾಕಿದಾಗ ಚೈನು ಕಡ್ಡಿಗಳೊಳಗೆ ನುಗ್ಗಿ ಡಿರೇಲರನ್ನೇ ಎಳೆದುಕೊಂಡು ಹೋಗಬಹುದು. ಕೊನೆಯ ಅಡ್ಡಿ ಜಾಗದ್ದು. ಅದೇ 28ರ ಟೈರು ಹಳೆ 15 ಮಿ.ಮೀ. ರಿಮ್ಮಿನ ಮೇಲೆ 27 ಇದ್ದದ್ದು ಹೊಸ 19ರ ಮೇಲೆ ಉಬ್ಬಿ 28.8 ಆಯಿತು. ಬ್ರೇಕಿನ ಕೆಳಗೆ ಉಳಿದದ್ದು 3 ಮಿ.ಮೀ. ಒಣ ರಸ್ತೆಗೆ ತೊಂದರೆಯಿಲ್ಲ, ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆಗಾಲಕ್ಕೆ 25ರದ್ದೊಂದು ಜೋಡಿ ತೆಗೆದಿಡಬೇಕು.

ಒಟ್ಟು ಖರ್ಚು ಟೈರು, ಟ್ಯೂಬು 11,600, ಚಕ್ರ 28,500, ಬ್ರೇಕ್ ಶೂ 900, ಮೆಕ್ಯಾನಿಕ್ 400, ಸ್ಪೇಸರ್ 150: ₹41,550. ಇಳಿದ ತೂಕ 760 ಗ್ರಾಂ. ಉರುಳಿಸಿದ ದೂರ 242 ಮೀಟರ್. ಅಂದರೆ ವೇಗ ಕೊಟ್ಟದ್ದು 11,600ರ ಟೈರು, ಟ್ಯೂಬು. 28,500 ಹೋದದ್ದು ಸಿಡಿಯದ ರಿಮ್ಮಿಗೆ. ರಿಮ್ಮು ಸವೆದಿರದಿದ್ದರೆ ಆ ದುಡ್ಡು ಬ್ಯಾಂಕಿನಲ್ಲೇ ಇರುತ್ತಿತ್ತು.

ಹೊಸ ಚಕ್ರದ ಕಡ್ಡಿ ಮೊದಲ ಕೆಲವು ಸವಾರಿಗಳಲ್ಲಿ ಟಿಣ್ ಎಂದು ಸದ್ದು ಮಾಡುತ್ತಾ ತನ್ನ ಜಾಗದಲ್ಲಿ ಕೂರುತ್ತದೆ. 300 ಕಿ.ಮೀ. ಆದಮೇಲೆ ಒಮ್ಮೆ ಬೆಂಡ್ ನೋಡಿಸಿ. ಹಳೆ ಹಬ್ಬುಗಳನ್ನು ಗುಜರಿಗೆ ಹಾಕಬೇಡಿ. ಕಡ್ಡಿ ಕತ್ತರಿಸುವ ಮುನ್ನ ಎಲ್ಲವನ್ನೂ ಸಡಿಲಿಸಿಕೊಳ್ಳಿ, ಬಿಗಿಯಾಗಿರುವಾಗಲೇ ಒಂದೆಡೆಯಿಂದ ಕತ್ತರಿಸುತ್ತಾ ಹೋದರೆ ಕಡ್ಡಿ ಸಿಕ್ಕಿಸುವ ಹಬ್ಬಿನ ಕಿವಿ ಮುರಿಯಬಹುದು. 32 ತೂತಿನ ರಿಮ್ಮು ಎಂದಾದರೂ ಕಣ್ಣಿಗೆ ಬಿದ್ದರೆ ಅವು ಬೇಕಾಗುತ್ತವೆ.